ಬ್ಯಾಕಪ್ ಐತೆ ಸಾ, ರಿಸ್ಟೋರ್ ಆಯ್ತಿಲ್ಲ

ಮಂಡ್ಯದ ಒಂದು ಕಚೇರಿಗೆ ಈ ತಿಂಗಳು ನಾಲ್ಕನೇ ಸಲ ಹೋಗಿ ಬಂದೆ. ಯಾವ ಕಚೇರಿ ಅಂತ ಹೇಳಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಮೊದಲ ಮೂರು ಸಲ 'ಸರ್ವರ್ ಡೌನ್'. ಅದು ನಮಗೆಲ್ಲ ಅಭ್ಯಾಸ ಆಗಿರೋ ಮಾತು. ನಾಲ್ಕನೇ ಸಲ ಮಾತ್ರ ಕಿಟಕಿಯ ಹುಡುಗನಿಂದ ಹೊಸದು ಸಿಕ್ಕಿತು: "ಬ್ಯಾಕಪ್ ಐತೆ ಸಾ, ರಿಸ್ಟೋರ್ ಆಯ್ತಿಲ್ಲ." ಅಂದ್ರೆ ಡೇಟಾದ ಇನ್ನೊಂದು ಪ್ರತಿ ತೆಗೆದಿಟ್ಟಿದ್ದಾರೆ, ಅದರಿಂದ ವಾಪಸ್ ತರೋಕೆ ಆಗ್ತಿಲ್ಲ.

ಮುದ್ದೆ ಐತೆ, ಗಂಟಲಲ್ಲಿ ಇಳೀತಿಲ್ಲ ಅಂದ ಹಾಗಾಯ್ತು.

ಕಿಟಕಿಯಿಂದ ಬಗ್ಗಿ ನೋಡಿದೆ. ಮೇಜಿನ ಕೆಳಗೆ ಸರ್ವರ್. ಗೇಣು ದೂರದಲ್ಲಿ ಬ್ಯಾಕಪ್ ಡಬ್ಬಿ. ನಡುವೆ ಒಂದು ನೀಲಿ ಕೇಬಲ್, ಕ್ಲಿಪ್ ಮುರಿದಿದೆ, ರಬ್ಬರ್ ಬ್ಯಾಂಡ್ ಬಿಗಿದಿದ್ದಾರೆ. ಕಂಪ್ಯೂಟರ್‌ಗಳನ್ನ ಒಂದಕ್ಕೊಂದು ಜೋಡಿಸೋ ನೆಟ್‌ವರ್ಕ್ ಸ್ವಿಚ್ ಮೇಲೆ ಯಾರದೋ ಟಿಫನ್ ಕ್ಯಾರಿಯರ್, ಬಿಸಿ ಆರದಿರಲಿ ಅಂತ. ಯುಪಿಎಸ್‌ಗೆ ಸಿಕ್ಕಿಸಿರೋದು ಮೂರು ಮೊಬೈಲ್ ಚಾರ್ಜರ್. ಸರ್ವರ್‌ಗೆ ಬೆಂಕಿ ಬಿದ್ದರೆ ಬ್ಯಾಕಪ್ಪೂ ಜೊತೆಯಲ್ಲೇ ಹೋಗುತ್ತೆ. ಇಷ್ಟು ಅನ್ಯೋನ್ಯವಾದ ದಾಂಪತ್ಯ ನಮ್ಮ ಬೀದಿಯಲ್ಲೇ ಇಲ್ಲ.

ಬೆಂಕಿ ಅಂದಾಗ ನೆನಪಾಯ್ತು. ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ, ಮದುವೆ ಸಂಭ್ರಮದ ನಡುವೆಯೇ ಸುಟ್ಟುಹೋಯಿತು. ಈಗ ದಸರೆಯಲ್ಲಿ ನಾವು ಬಾಯಿ ಬಿಟ್ಟುಕೊಂಡು ನೋಡ್ತೀವಲ್ಲ, ಆ ಅರಮನೆ ಮುಗಿದದ್ದು 1912ರಲ್ಲಿ. ರಿಸ್ಟೋರ್ ಆಗೋಕೆ 15 ವರ್ಷ. ಇದನ್ನ ಕಿಟಕಿಯಲ್ಲಿ ಹೇಳಬೇಡಿ, ಅದನ್ನೇ ಕಾಲಮಿತಿ ಅಂತ ಬೋರ್ಡ್ ಬರೆಸಿಬಿಟ್ಟಾರು. ಆದರೂ ಅವರು ಎರಡನೇ ಸಲ ಮರ ಬಿಟ್ಟು ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಕೈ ಹಾಕಿದರು ನೋಡಿ. ಸುಟ್ಟುಕೊಂಡವರು ಏನೋ ಕಲಿತಿದ್ದರು.

ಇಲ್ಲಿ ಆಗಿದ್ದೇನು ಅಂದ್ರೆ, ದಿನಾ ರಾತ್ರಿ 'ಬ್ಯಾಕಪ್ ಯಶಸ್ವಿ' ಅಂತ ಮೇಲ್ ಬರುತ್ತಿತ್ತಂತೆ. ಎಲ್ಲರೂ ನೆಮ್ಮದಿಯಾಗಿ ನಿದ್ದೆ ಮಾಡಿದ್ದಾರೆ. ಈಗ ತೆಗೆದು ನೋಡಿದರೆ ಫೈಲುಗಳು ತಾರೀಖಿನ ಪ್ರಕಾರ ಸಾಲಾಗಿ ಕೂತಿವೆ, ಗಾತ್ರ ಮಾತ್ರ 0 ಕೆಬಿ, ಒಳಗೆ ಏನೂ ಇಲ್ಲ. ಯಾರೋ ಸರ್ವರ್ ಪಾಸ್‌ವರ್ಡ್ ಬದಲಾಯಿಸಿದ್ದಾರೆ, ಬ್ಯಾಕಪ್‌ಗೆ ತಿಳಿಸಿಲ್ಲ. ಡೇಟಾ ಇದ್ದಿದ್ದರೂ ಅಷ್ಟೇ ಅನ್ನಿ. ಆ ಹಳೇ 100 ಎಂಬಿಪಿಎಸ್ ಸ್ವಿಚ್‌ನಲ್ಲಿ ಒಂದು ಟಿಬಿ, ಅಂದ್ರೆ ಸಾವಿರ ಜಿಬಿ, ವಾಪಸ್ ಬರೋಕೆ ಕಡಿಮೆ ಅಂದ್ರೂ 22 ಗಂಟೆ, ಅದೂ ಕರೆಂಟ್ ಹೋಗದಿದ್ದರೆ, ಕ್ಯಾರಿಯರ್ ಎತ್ತುವಾಗ ಕೇಬಲ್ ಕಳಚದಿದ್ದರೆ.

ಮಂಡ್ಯದವರನ್ನೇ ಯಾಕೆ ಬೈಯಲಿ? 2017ರ ಜನವರಿ 31ರಂದು, ಸಾಫ್ಟ್‌ವೇರ್ ಬರೆಯೋರು ತಮ್ಮ ಕೋಡ್ ಇಡೋ ಗಿಟ್‌ಲ್ಯಾಬ್ ಅನ್ನೋ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ತಪ್ಪು ಸರ್ವರ್‌ನ ಡೇಟಾಬೇಸ್ ಅಳಿಸಿಬಿಟ್ಟ. ದಿನದ ಬ್ಯಾಕಪ್ ಹುಡುಕಿದರೆ ಅಲ್ಲೂ ಖಾಲಿ. ಉಳಿಸಿದ್ದು ಸುಮಾರು ಆರು ಗಂಟೆ ಮುಂಚೆ ಬೇರೆ ಏನಕ್ಕೋ ಕೈಯಾರೆ ತೆಗೆದಿದ್ದ ಒಂದು ಪ್ರತಿ. ಆದರೆ ಅವರು ತಮ್ಮ ಮಾನ ಹೋದರೂ ಪರವಾಗಿಲ್ಲ ಅಂತ ಆದದ್ದನ್ನೆಲ್ಲ ತಾವೇ ಬರೆದು ಹೊರಗೆ ಹಾಕಿದರು. ನಮ್ಮಲ್ಲಿ 'ನಾಳೆ ಬನ್ನಿ'.

ಬ್ಯಾಕಪ್‌ನವರದ್ದು ಒಂದು ಹಳೇ ಲೆಕ್ಕ ಇದೆ, 3-2-1. ಮೂರು ಪ್ರತಿ, ಎರಡು ಥರದ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮ ಕಚೇರಿ ಇದನ್ನ ಚಾಚೂ ತಪ್ಪದೆ ಪಾಲಿಸುತ್ತೆ, ನಮ್ಮ ಕೈಯಲ್ಲಿ! ಮೂರು ಸೆಟ್ ಜೆರಾಕ್ಸ್ ಕೊಡಿ. ಪೆನ್ ಡ್ರೈವ್‌ನಲ್ಲೂ ತನ್ನಿ. ಒರಿಜಿನಲ್ ಮನೇಲೇ ಭದ್ರವಾಗಿಡಿ. ಆಯ್ತಲ್ಲ?

ಪಕ್ಕದಲ್ಲಿ ಮದ್ದೂರಿನ ಕಡೆಯ ಅಜ್ಜಿ ನಿಂತಿದ್ದರು. "ಬಸ್ಸೇನೋ ಪ್ರೀ ಕಣಪ್ಪ, ಇವತ್ತಿನ ಕೂಲಿ ಯಾರ್ ಕೊಟ್ಟಾರು?" ಅಂದರು. ನನಗೆ ಅಲ್ಲಿಗೆ ನಗು ನಿಂತಿತು. ತಿಂಗಳಿಗೊಂದು ಸಲ ಒಂದೇ ಒಂದು ಫೈಲನ್ನ ಬೇರೆ ಕಂಪ್ಯೂಟರ್‌ಗೆ ವಾಪಸ್ ತಂದು ತೆರೆದು ನೋಡಬೇಕಿತ್ತು. ಅರ್ಧ ಗಂಟೆ ಕೆಲಸ. ಯಾರೂ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ.

"ನಿಮ್ತಾವ ಹಳೇ ಕಾಪಿ ಇದ್ರೆ ತತ್ತನ್ನಿ ಸಾ, ನೋಡ್ಕಂಡು ಟೈಪ್ ಮಾಡ್ಕತೀವಿ" ಅಂದ ಹುಡುಗ, ಪಾಪ, ಮುಖ ಸಣ್ಣದು ಮಾಡಿಕೊಂಡು. ರಾತ್ರಿ ಅವ್ವನ ತಗಡಿನ ಪೆಟ್ಟಿಗೆ ತೆಗೆದೆ. ನುಸಿಗುಳಿಗೆ ವಾಸನೆ, ಮದುವೆ ಸೀರೆ, ಅದರಡಿ ಪ್ಲಾಸ್ಟಿಕ್ ಕವರಲ್ಲಿ ಕಾಗದ. ಮಡಿಕೆಯಲ್ಲಿ ಒಂದು ಸಾಲು ಹರಿದಿದೆ, ಉಳಿದದ್ದೆಲ್ಲ ಓದೋಕೆ ಬರುತ್ತೆ. ಬೆಳಗ್ಗೆ ಮೊದಲು ಮೂರು ಜೆರಾಕ್ಸ್ ಮಾಡಿಸಬೇಕು.