ನಿಯಾನ್ ಹಸುವನ್ನ ದೊಡ್ಡಿಗೆ ಹಾಕಿದ ಊರು

ಹಾಂಕಾಂಗ್ ಅಂತ ಗೂಗಲ್ ಮಾಡಿದ್ರೆ ಮೊದ್ಲು ಬರೋದೇ ಆ ಫೋಟೋ: ರಾತ್ರಿ ನೇಥನ್ ರೋಡು, ರಸ್ತೆಗೆ ಅಡ್ಡಡ್ಡ ಚಾಚ್ಕೊಂಡಿರೋ ಕೆಂಪು ಹಸಿರು ನಿಯಾನ್ ಬೋರ್ಡುಗಳು, ಕೆಳಗೆ ಒದ್ದೆ ರಸ್ತೆ. ಫೋಟೋ ನಂಬ್ಕೊಂಡು ಹೋದೋರಿಗೆ ರಸ್ತೆ ಸಿಗುತ್ತೆ, ಮಳೆ ಬಂದ್ರೆ ಒದ್ದೆನೂ ಆಗಿರುತ್ತೆ. ಬೋರ್ಡುಗಳನ್ನ ಮಾತ್ರ ಅಲ್ಲಿನ ಕಟ್ಟಡ ಇಲಾಖೆ ನೋಟಿಸ್ ಮೇಲೆ ನೋಟಿಸ್ ಕೊಟ್ಟು ಬಹುಪಾಲು ಇಳಿಸಿಯಾಗಿದೆ.

ಇಲಾಖೆ ಹೇಳೋದೂ ಪೂರ್ತಿ ಸುಳ್ಳಲ್ಲ ಬಿಡಿ. ತುಕ್ಕು ಹಿಡಿದ ಕಬ್ಬಿಣ, ಸಾವಿರಾರು ವೋಲ್ಟಿನ ಟ್ರಾನ್ಸ್‌ಫಾರ್ಮರು, ವರ್ಷಾ ವರ್ಷಾ ಟೈಫೂನು, ಯಾರ ತಲೆ ಮೇಲಾದ್ರೂ ಬಿದ್ರೆ? ಅದಕ್ಕೇ 2010ರ ಕೊನೆಗೆ ಹೊಸ ನಿಯಮ, 2013ರಲ್ಲಿ ಒಂದು ಅಕ್ರಮ-ಸಕ್ರಮ ಸ್ಕೀಮು. ಅಳತೆಯೊಳಗಿರೋ ಬೋರ್ಡಾದ್ರೆ ಪರ್ಮಿಷನ್ ಇರೋ ಕಂಟ್ರಾಕ್ಟರ್ ಹಿಡಿದು ಚೆಕ್ ಮಾಡ್ಸಿ ಅರ್ಜಿ ಹಾಕ್ಬೇಕು, ಐದು ವರ್ಷ ಆದ್ಮೇಲೆ ಮತ್ತೆ ಅದೇ ಭಜನೆ. ಗಿರವಿ ಅಂಗಡಿಯೋನು, ನಾಣ್ಯ ಕಚ್ಕೊಂಡ ಬಾವಲಿ ಆಕಾರದ ಬೋರ್ಡು ಇಟ್ಕೊಂಡು ಊರೋರ ಒಡವೆಯೆಲ್ಲಾ ಒತ್ತೆ ಇಟ್ಕೊಂಡೋನು, ಕೊನೆಗೆ ಲೆಕ್ಕ ಹಾಕಿ ನೋಡಿ ಬಾವಲಿನೇ ಬಿಟ್ಕೊಟ್ಟ.

ಸಾಯ್ ಯಿಂಗ್ ಪುನ್ ಅನ್ನೋ ಕಡೆ ಸ್ಯಾಮೀಸ್ ಕಿಚನ್ ಅಂತ ಹೋಟೆಲ್ಲು, ಅದರ ಮುಂದೆ ರಸ್ತೆ ಮೇಲೆ ತೂಗ್ತಾ ಇದ್ದ ನಿಯಾನ್ ಹಸು ದಶಕಗಟ್ಟಲೆ ಯಾರನ್ನೂ ಹಾಯದೆ ನಿಂತಿತ್ತು, ಬಸ್ ಇಳಿಯೋರಿಗೆ ಗುರುತಿಗೆ ಅದೇ. 2015ರಲ್ಲಿ ಇಳಿಸಿದ್ರು. ನಮ್ಮಲ್ಲಿ ಬೀಡಾಡಿ ದನ ಹಿಡಿದು ದೊಡ್ಡಿಗೆ ಹಾಕ್ತಾರಲ್ಲ, ಇದನ್ನೂ ಹಾಗೇ ಸಾಗಿಸಿದ್ರು, ದೊಡ್ಡಿ ಹೆಸರು ಎಂ ಪ್ಲಸ್ ಮ್ಯೂಸಿಯಂ. ಮಾಜಾಂಗ್ ಅನ್ನೋ ಬಿಲ್ಲೆ ಆಟದ ಜೂಜಿನ ಅಡ್ಡೆಯೊಂದರ ನಿಯಾನ್ ಹುಂಜ ಕೂಡ ಅಲ್ಲೇ ಸೆರೆ. ಬೀದೀಲಿದ್ದಾಗ ಅಕ್ರಮ, ಒಳಗೆ ಹೋದ್ಮೇಲೆ ಪರಂಪರೆ. ಬಿಡಿಸ್ಕೊಂಡು ಬರೋಣ ಅಂದ್ರೆ ದಂಡ ಕಟ್ಟೋ ಕೌಂಟರಿಲ್ಲ, ಟಿಕೆಟ್ ಕೌಂಟರ್ ಮಾತ್ರ ಇದೆ.

ಇನ್ನು ಆ ಮ್ಯೂಸಿಯಂ ಗೋಡೆ ನೋಡ್ಬೇಕು ನೀವು. ಸಮುದ್ರದ ಕಡೆಗೆ ಮುಖ ಮಾಡಿರೋ ಇಡೀ ಬಿಲ್ಡಿಂಗೇ ಒಂದು ಎಲ್ಇಡಿ ಪರದೆ, ಸುಮಾರು 65 ಮೀಟರ್ ಎತ್ತರ, 110 ಮೀಟರ್ ಅಗಲ! ಹೋಟೆಲ್ಲಿನ ಒಂದು ಹಸು ಓವರ್‌ಸೈಜ್ ಅಂತೆ, ಬಿಲ್ಡಿಂಗಿಗೆ ಬಿಲ್ಡಿಂಗೇ ಟಿವಿ ಆದ್ರೆ ಪರವಾಗಿಲ್ವಂತೆ. ಗಾಜಿನ ಕೊಳವೆ ಬೆಂಕೀಲಿ ಕಾಯಿಸಿ, ಬಾಯಲ್ಲಿ ಊದ್ತಾ ಊದ್ತಾ ಅಕ್ಷರ ಬಗ್ಗಿಸೋ ಮೇಸ್ತ್ರಿಗಳು ಬೆರಳೆಣಿಕೆಯಷ್ಟು ಉಳಿದಿದಾರೆ, ವಯಸ್ಸಾಗಿದೆ, ಅವರಿಗೀಗ ಆರ್ಡರಿಗಿಂತ ಇಂಟರ್‌ವ್ಯೂ ಜಾಸ್ತಿ.

ಇಷ್ಟೆಲ್ಲಾ ಮುಗಿದ್ಮೇಲೆ 2023ರ ಸೆಪ್ಟೆಂಬರಲ್ಲಿ ಸರ್ಕಾರಕ್ಕೆ ಥಟ್ಟನೆ ಹೊಳೀತು, ಅಯ್ಯೋ ರಾತ್ರಿ ಹೊತ್ತು ಊರಲ್ಲಿ ಕಳೆನೇ ಇಲ್ವಲ್ಲ, ಜನ ಬೇಗ ಮನೆ ಸೇರ್ಕೊತಾರೆ, ವೀಕೆಂಡ್ ಬಂದ್ರೆ ಗಡಿ ದಾಟಿ ಪಕ್ಕದ ಚೀನಾ ನಗರ ಶೆನ್‌ಜೆನ್‌ಗೆ ಹೋಗಿ ತಿಂದು ಬರ್ತಾರೆ! ಸರಿ, ‘ನೈಟ್ ವೈಬ್ಸ್ ಹಾಂಕಾಂಗ್’ ಅಂತ ಅಭಿಯಾನ, ಭಾಷಣ, ರಾತ್ರಿ ಸಂತೆ, ಡಿಸ್ಕೌಂಟು. ಹಗಲೆಲ್ಲಾ ಒಂದು ಇಲಾಖೆ ಏಣಿ ಹಾಕಿ ದೀಪ ಇಳಿಸೋದು, ಕತ್ತಲಾದ್ಮೇಲೆ ಇನ್ನೊಂದು ಇಲಾಖೆ ಬಂದು ಕಳೆ ಎಲ್ಲಿ ಹೋಯ್ತು ಅಂತ ಹುಡುಕೋದು, ಇಬ್ಬರಿಗೂ ಸಂಬಳ ಒಂದೇ ಖಜಾನೆಯಿಂದ.

ಹಾಗಾಗಿ ಹೋಗೋ ಪ್ಲಾನ್ ಇದ್ರೆ ಹೇಳಿರ್ತೀನಿ, ಹಾಂಕಾಂಗಿನ ರಾತ್ರಿ ನೋಡ್ಬೇಕು ಅಂದ್ರೆ ಆದಷ್ಟು ಮಧ್ಯಾಹ್ನನೇ ಹೊರಟ್ಬಿಡಿ. ಮ್ಯೂಸಿಯಂ ಸಂಜೆ ಆರಕ್ಕೆ ಬಾಗಿಲು ಹಾಕುತ್ತೆ. ಶುಕ್ರವಾರ ಒಂದಿನ ಹತ್ತರ ತನಕ ತೆಗೆದಿರ್ತಾರೆ, ಸೋಮವಾರ ಇಡೀ ದಿನ ರಾತ್ರಿಗೆ ರಜಾ.