ಮುಟ್ಟು ಅವಳದು, ಉತ್ತರ ಅತ್ತೆಯದು

ಇವತ್ತು ತಾಳ್ಮೆ ಪೂರ್ತಿ ಹೋಯ್ತು. ಹಾಸನದ ಒಪಿಡಿಯಲ್ಲಿ ಕೂತು ಬಸುರಿಯೊಬ್ಬಳನ್ನು ಕೇಳಿದೆ, "ಕೊನೆಯ ಸಲ ಮುಟ್ಟಾಗಿದ್ದು ಯಾವಾಗಮ್ಮ?" ಅವಳು ಬಾಯಿ ತೆರೆಯುವ ಮೊದಲೇ ಅತ್ತೆ, "ಗೌರಿ ಹಬ್ಬ ಆದ್ಮೇಲೆ." ಗಂಡ, "ಇಲ್ಲಮ್ಮ, ಹಬ್ಬಕ್ಕೆ ಮುಂಚೆ." ಇಬ್ಬರಿಗೂ ಅಲ್ಲೇ ಜಗಳ. ಇವಳು ತಾಯಿ ಕಾರ್ಡಿನ ಮೂಲೆ ಮಡಚುತ್ತಾ ಕೂತಿದ್ದಾಳೆ. ಮುಟ್ಟಾಗಿದ್ದು ಯಾರಿಗೆ ಸ್ವಾಮಿ?

ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೆರಿಗೆ ದಿನ ಹಾಕಬೇಕು. ನಾನೇನು ಹಾಸನಾಂಬೆ ಬಾಗಿಲು ತೆಗೆದ ದಿನದಿಂದ ಎಣಿಸಲಾ?

ಬಿಳಿಸೆರಗು ಹೋಗ್ತಿದೆಯಾ ಅಂದರೂ ಅತ್ತೆಯದೇ ಉತ್ತರ. ಸಕಲೇಶಪುರದಿಂದ ಬರಲಿ, ಅರಕಲಗೂಡಿನಿಂದ ಬರಲಿ, ಇದೇ ಕಥೆ. ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ, ಕಬ್ಬಿಣದ ಮಾತ್ರೆ ನುಂಗ್ತಿದ್ದೀಯಾ ಅಂದರೆ, "ನಾನೇ ಕೊಡ್ತಿಲ್ಲ, ಮಗು ಕಪ್ಪಗಾಗತ್ತಂತೆ." ಕಪ್ಪಗಾಗೋದು ಮಲ ಕಣಮ್ಮ, ಮಗು ಅಲ್ಲ! ಆದರೆ ಊಟ ಆದ ತಕ್ಷಣ ದೊಡ್ಡ ಲೋಟದಲ್ಲಿ ಕಾಫಿ ಮಾತ್ರ ತಪ್ಪುವುದಿಲ್ಲ. ಕಾಫಿ ಸೀಮೆ ಅಲ್ವಾ! ಅದು ಕಬ್ಬಿಣ ಮೈಗೆ ಹತ್ತೋಕೆ ಬಿಡಲ್ಲ ಅಂತ ಹೇಳಿದರೆ, ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ನಿಮಗಿನ್ನೂ ಮದುವೆ ಆಗಿಲ್ವಾ ಸಿಸ್ಟರ್?"

ಸಿಸ್ಟರಂತೆ! ಐದೂವರೆ ವರ್ಷ ಎಂಬಿಬಿಎಸ್ ಮಾಡಿದ್ದು ಇದಕ್ಕೇನಾ?