ಟ್ರೇಗೆ ಅಂಚು ಯಾಕ್ರೀ ಬೇಕು?

ಓಲ್ಡ್ ವರ್ಲ್ಡ್ ಆಡುವ ಗೆಳೆಯರ ಹತ್ತಿರ ನನ್ನದೊಂದು ತಕರಾರಿದೆ. ಸುತ್ತ ಅಂಚು ಕಟ್ಟಿದ ರೆಡಿಮೇಡ್ ಟ್ರೇಗೆ ಸುಮ್ನೆ ದುಡ್ಡು ಸುರಿಯಬೇಡಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓಲ್ಡ್ ವರ್ಲ್ಡ್ ಅಂದರೆ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ 2024ರಲ್ಲಿ ತಂದ ವಾರ್‌ಹ್ಯಾಮರ್ ಆಟ. ಮೇಜಿನ ಮೇಲೆ ಪುಟ್ಟ ಗೊಂಬೆ ಸೈನಿಕರನ್ನು ಸಾಲು ಕಟ್ಟಿ ನಿಲ್ಲಿಸಿ, ಇಡೀ ತುಕಡಿಯನ್ನು ಒಟ್ಟಿಗೆ ಸರಿಸಬೇಕು. ಒಬ್ಬೊಬ್ಬರನ್ನೇ ಸರಿಸುತ್ತಾ ಕೂತರೆ ಆಟ ಮುಗಿಯುವುದಿಲ್ಲ. ಅದಕ್ಕೇ ಟ್ರೇ; ಸೈನಿಕರು ಜಾರದಿರಲಿ ಅಂತ ಅದಕ್ಕೆ ಅಂಚು.

ಈಗ ಲೆಕ್ಕ ನೋಡಿ. 25 ಮಿ.ಮೀ. ಚೌಕದ ಬೇಸ್ (ಗೊಂಬೆಯ ಕಾಲಡಿಯ ಪೀಠ) ಇರುವ 20 ಜನ, ಐದೈದರಂತೆ ನಾಲ್ಕು ಸಾಲು. ಅಗಲ 125, ಆಳ 100 ಮಿ.ಮೀ. ಸುತ್ತ 3 ಮಿ.ಮೀ. ಅಂಚು ಬಂದರೆ ಅಗಲ 131 ಆಯಿತು. ಎದುರಾಳಿಯದ್ದೂ ಅಂಥದ್ದೇ ಟ್ರೇ ಆದರೆ ಇಬ್ಬರ ಸೈನಿಕರ ನಡುವೆ 6 ಮಿ.ಮೀ. ಖಾಲಿ. ಯಾರು ಯಾರಿಗೆ ತಾಗಿದ್ದಾರೆ ಅನ್ನುವುದರ ಮೇಲೆ ನಿಂತ ಆಟದಲ್ಲಿ "ತಾಗಿದೆ ಅಂದ್ಕೊಳ್ಳಿ" ಅನ್ನುವುದು ಎಂಥ ಆಟ?

ಬೇಸಿನಡಿ ಆಯಸ್ಕಾಂತ ಇದ್ದರೆ ಅಂಚೇ ಬೇಡ. ಅರ್ಧ ಮಿ.ಮೀ. ದಪ್ಪದ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ತನ್ನಿ, ಅದೇ ಟ್ರೇ. ತುಕಡಿಯ ಅಳತೆಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸಿ, ಅರ ಹಾಕಿ ಉಜ್ಜಿ. ಕತ್ತರಿಸಿದ ತಗಡು ಬ್ಲೇಡ್ ಇದ್ದಂಗೆ, ಹುಷಾರು. ಅಲ್ಯೂಮಿನಿಯಂ ತಂದರೆ ಏನೂ ಅಂಟುವುದಿಲ್ಲ.

ನಿಜವಾದ ಕೆಲಸ ಇರುವುದು ಬೇಸಿನಲ್ಲಿ. ಅದರ ಕೆಳಗಿನ ಟೊಳ್ಳಿಗೆ ಎಂ-ಸೀಲ್ ತುಂಬಿ, 5 ಮಿ.ಮೀ. ಅಗಲದ ಬಿಲ್ಲೆ ಆಯಸ್ಕಾಂತ ಒತ್ತಿ. ತಗಡಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಬೇಸನ್ನು ಅದರ ಮೇಲೆ ಕೂರಿಸಿ ಬಿಟ್ಟುಬಿಡಿ. ಗಟ್ಟಿಯಾಗುವಾಗ ಆಯಸ್ಕಾಂತ ಬೇಸಿನ ತಳಕ್ಕೆ ಸಮನಾಗಿ ನಿಲ್ಲುತ್ತದೆ. ಒಂದು ಮಿ.ಮೀ. ಒಳಗೆ ಹೋದರೂ ಹಿಡಿತ ಬಹಳ ಕಡಿಮೆಯಾಗುತ್ತದೆ. ಫೆವಿಕ್ವಿಕ್ಕಿನಲ್ಲಿ ಇಷ್ಟು ಅಚ್ಚುಕಟ್ಟು ಬರಲ್ಲ.

ಟ್ರೇಗೂ ಆಯಸ್ಕಾಂತ ಹಾಕಬೇಡಿ. ಒಂದು ಕಡೆ ಬರೀ ಕಬ್ಬಿಣ ಇದ್ದರೆ ಉತ್ತರ-ದಕ್ಷಿಣ ಧ್ರುವದ ತಲೆನೋವೇ ಇಲ್ಲ.

ಜಾಸ್ತಿ ಬಲದ ಆಯಸ್ಕಾಂತದ ಆಸೆಯೂ ಬೇಡ. ಎಳೆದಾಗ ಸೈನಿಕ ಮೇಲೆ ಬರುತ್ತಾನೆ, ಪಾದ ಟ್ರೇಯಲ್ಲೇ ಉಳಿಯುತ್ತದೆ! ಟ್ರೇ ನೆಟ್ಟಗೆ ಎತ್ತಿ ಹಿಡಿದರೆ ಬೀಳಬಾರದು, ಬೆರಳಲ್ಲಿ ತಳ್ಳಿದರೆ ಜಾರಬೇಕು. ಅಷ್ಟೇ ಸಾಕು. ಸೀಸದಂಥ ಭಾರದ ಲೋಹದ ಗೊಂಬೆಗಳಿಗೆ ಮಾತ್ರ ಎರಡು ಬಿಲ್ಲೆ ಹಾಕಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಉಳಿದ ಬಿಲ್ಲೆಗಳನ್ನು ಬೀಗ ಹಾಕಿಡಿ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಮಡಿಕೆಗಳ ನಡುವೆ ಅಂಟಿಕೊಂಡು ತೂತು ಮಾಡುತ್ತವೆ, ಜೀವಕ್ಕೇ ಅಪಾಯ.

ಇನ್ನು ಆಟಕ್ಕೆ ಒಯ್ಯಲು ಹಳೇ ತಗಡಿನ ಬಿಸ್ಕತ್ ಡಬ್ಬಿ ಚೆನ್ನ. ಅಡುಗೆಮನೆಯ ಸ್ಟೀಲ್ ಡಬ್ಬಿಗಳಿಗೆ ಎಷ್ಟೋ ಸಲ ಆಯಸ್ಕಾಂತ ಅಂಟುವುದಿಲ್ಲ. ಕೈಹಾಕುವ ಮುಂಚೆ ಮನೆಯವರನ್ನು ಕೇಳಿ. ನನ್ನ ಹತ್ತಿರ ತಗಡು ಮಿಕ್ಕಿದೆ, ಬೇಕಾದವರು ಕಾಮೆಂಟಿನಲ್ಲಿ ಅಳತೆ ಹೇಳಿ.